ಜಂಘಾಬಲ

ಬೆಳಗಿನ ಐದೂವರೆಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಯಾರಾದರೂ ಓಡುತ್ತಿದ್ದರೆ ನೋಡಿದವರು ಕೇಳುವುದು, "ಯಾರಿಗೆ ಹುಷಾರಿಲ್ಲ?" ಎಂದು. ನಮ್ಮ ಬೀದಿ ಅಂಥದ್ದು. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿಗಳ ನಡುವೆ ಕ್ಲಿನಿಕ್ಕು, ಲ್ಯಾಬು, ಮೆಡಿಕಲ್ ಶಾಪುಗಳು ಸಾಲಾಗಿ ಕೂತಿವೆ. ಆ ಹೊತ್ತಿನಲ್ಲಿ ಓಡುವವನು ಆರೋಗ್ಯಕ್ಕಾಗಿ ಓಡುತ್ತಿದ್ದಾನೆಂದು ಯಾರಿಗೂ ಹೊಳೆಯುವುದಿಲ್ಲ. ನಾನು ಓಡಲು ಶುರುಮಾಡಿದ ಮೊದಲ ವಾರ ಹಾಲಿನವನು ಇದನ್ನೇ ಕೇಳಿದ. ಮೂರನೆಯ ವಾರ ಕುಂಟುತ್ತ ಎದುರಾದಾಗ ಕೇಳಲಿಲ್ಲ. ಯಾರಿಗೆ ಹುಷಾರಿಲ್ಲ ಎಂಬುದು ಅವನಿಗೆ ಕಾಣುತ್ತಿತ್ತು.

ಆದದ್ದಿಷ್ಟು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿತ್ತು. ಐವತ್ತೆರಡರ ನಾನು ಕಾಲೇಜಿನಲ್ಲಿ ಸಾವಿರದೈನೂರು ಮೀಟರು ಓಡುತ್ತಿದ್ದವನು. ಕಾಲಿಗೆ ಅದು ನೆನಪಿರುತ್ತದೆ ಎಂಬ ಭ್ರಮೆಯಲ್ಲಿ, ಬೆಂಗಳೂರಿಗೆ ಹೋದ ಮಗ ಬಿಟ್ಟುಹೋಗಿದ್ದ ಹಳೇ ಶೂ ಏರಿಸಿಕೊಂಡು ಮೊದಲ ದಿನವೇ ಮೂರು ಕಿಲೋಮೀಟರು ಓಡಿದೆ, ಎರಡನೆಯ ವಾರ ಆರು. ಕಾಂಕ್ರೀಟ್ ರಸ್ತೆ, ಹಿಮ್ಮಡಿ ಸವೆದ ಶೂ, ಎಪ್ಪತ್ತೆರಡು ಕಿಲೋ ಮೈ. ಕಾಲಿಗೆ ನೆನಪಿದ್ದದ್ದು ಬಸ್ ಸ್ಟ್ಯಾಂಡಿನ ತನಕ ಹೋಗಲು ಸ್ಕೂಟರ್ ಹತ್ತುವುದು ಮಾತ್ರ.

ನೋವು ಬಂದ ಜಾಗ ವಿಚಿತ್ರ. ಮಂಡಿಯೂ ಅಲ್ಲ, ಹರಡೂ ಅಲ್ಲ. ನಡುವಿನ ಉದ್ದ ಮೂಳೆಯ ಒಳಮಗ್ಗುಲು. ಮುಟ್ಟಿದರೆ ಜೀವ ಹೋಗುತ್ತದೆ. ಎಲ್ಲಿ ನೋವು ಎಂದು ಮನೆಯಲ್ಲಿ ಕೇಳಿದರೆ ಹೇಳಲು ಮಾತಿಲ್ಲ. ಕಾಲಿನ ಹಿಂಭಾಗದ ಮಾಂಸಕ್ಕೆ ಮೀನಖಂಡ ಎಂಬ ಚಂದದ ಹೆಸರಿಟ್ಟವರು ಮುಂಭಾಗದ ಮೂಳೆಗೆ ಯಾಕೆ ಜುಗ್ಗತನ ಮಾಡಿದರೋ. ಕಣಕಾಲು ಎಂದರೆ ಅರ್ಧ ಜನ ಹರಡು ತೋರಿಸುತ್ತಾರೆ. ಸಂಸ್ಕೃತದಲ್ಲಿ ಅದು ಜಂಘೆ. ಆ ಪದ ನಮ್ಮಲ್ಲಿ ಒಂಟಿಯಾಗಿ ಓಡಾಡುವುದಿಲ್ಲ, ಬಲದ ಜೊತೆಗೇ ಬರುತ್ತದೆ, ಅದೂ ಆ ಬಲ ಉಡುಗಿಹೋದಾಗ. ಧೈರ್ಯವಿದ್ದಾಗ ಎದೆಗಾರಿಕೆ ಅನ್ನುತ್ತೇವೆ, ಧೈರ್ಯ ಕೈಕೊಟ್ಟಾಗ ಜಂಘಾಬಲ ಉಡುಗಿತು ಅನ್ನುತ್ತೇವೆ. ಹೆದರಿಕೆ ಮೊದಲು ತಟ್ಟುವುದು ಎಲ್ಲಿಗೆ ಎಂದು ಓಡಿಹೋಗಲು ನೋಡಿ ಓಡಲಾಗದೆ ನಿಂತ ಯಾರೋ ಕಂಡುಕೊಂಡಿರಬೇಕು.

ಉಪಚಾರಕ್ಕೆ ಬರವಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಹುಣಸೆಹಣ್ಣು, ಉಪ್ಪು ಬಿಸಿಮಾಡಿ ಪಟ್ಟು ಹಾಕಿಸಿದರು. ಮೆಡಿಕಲ್ ಶಾಪಿನವರು ಮುಲಾಮು ಕೊಟ್ಟರು. "ವಾಯು ರೀ, ಬಟಾಟೆ ತಿನ್ನಬೇಡಿ ಅಂದ್ರೆ ಕೇಳಲ್ಲ" ಎಂದಳು ಹೆಂಡತಿ. ಭದ್ರಾವತಿಯ ಚಿಕ್ಕಪ್ಪ ಮಾತ್ರ ಫೋನಿನಲ್ಲಿ ಎಲ್ಲ ಕೇಳಿಕೊಂಡು, "ದಣಿವು ಕಣೋ, ಮತ್ತೇನಲ್ಲ" ಎಂದರು. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರು 1923ರಿಂದ ಕಬ್ಬಿಣ ಕರಗಿಸಿದ್ದು. ಚಿಕ್ಕಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು. "ತಂತಿಯನ್ನ ಒಂದ್ಸಲ ಬಗ್ಗಿಸಿದ್ರೆ ಏನೂ ಆಗಲ್ಲ. ಅಲ್ಲೇ ನೂರು ಸಲ ಬಗ್ಗಿಸು, ಪಟ್ ಅಂತದೆ. ಕಬ್ಬಿಣಕ್ಕೂ ದಣಿವಾಗ್ತದೆ. ಆದ್ರೆ ನಮ್ಮ ಕಬ್ಬಿಣ ತನ್ನ ಬಿರುಕು ತಾನೇ ಹೊಲ್ಕೊಳ್ಳಲ್ಲ, ನಿನ್ನ ಮೂಳೆ ಹೊಲ್ಕೊಳ್ತದೆ. ಟೈಮು ಕೊಡು."

ಚಿಕ್ಕಪ್ಪ ಹೇಳಿದ್ದೇ ಸರಿ ಎಂದು ತಿಳಿದದ್ದು ಫಿಸಿಯೋಥೆರಪಿ ಮಾಡುವ ಹುಡುಗಿಯ ಹತ್ತಿರ ಹೋದಾಗ. ಆಕೆ ನನ್ನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, "ಎಲ್ಲಿ ನೋವು, ಮುಟ್ಟಿ ತೋರಿಸಿ ಸಾರ್" ಎಂದಳು. ನಾನು ಅಂಗೈಯಿಟ್ಟು ಮೂಳೆಯುದ್ದಕ್ಕೂ ಸವರಿದೆ. ಅವಳ ಮುಖ ಸಡಿಲಾಯಿತು. ಹೀಗೆ ಅಂಗೈಯಗಲ ಹರಡಿಕೊಂಡ ನೋವಾದರೆ ಇದು ಶಿನ್ ಸ್ಪ್ಲಿಂಟ್, ಮೂಳೆಯ ಮೇಲಿನ ಪೊರೆ ಕೆರಳಿ ಒಳಗೆ ಮೂಳೆ ದಣಿದಿದೆ ಎಂದರ್ಥ. ಒಂದೇ ಬೆರಳಿಟ್ಟು ಇಲ್ಲೇ ಎಂದು ತೋರಿಸುವಂತಿದ್ದರೆ, ಮಲಗಿದಾಗಲೂ ನೋಯುತ್ತಿದ್ದರೆ ಕೂದಲೆಳೆಯ ಬಿರುಕೇ ಬಿಟ್ಟಿರಬಹುದು. ಅದು ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದಂತೆ. ಓಡುವಾಗ ಕಾಲು ಬಿಗಿದು, ಪಾದ ಜೋಮು ಹಿಡಿದರೆ ಅದು ಇನ್ನೂ ಬೇರೆ ಕಾಯಿಲೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ನೋವಿನ ಹಿಂದಿನ ಲೆಕ್ಕ ನನಗೆ ರುಚಿಸಿತು. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರದ ಎರಡು ಮೂರು ಪಟ್ಟು ಒತ್ತಡ ಕಾಲಿನ ಮೇಲೆ ಬೀಳುತ್ತದೆ. ಹೊಸ ಭಾರ ಬಿದ್ದ ಮೂಳೆಗೆ ಮೊದಲು ಬರುವುದು ಕಟ್ಟುವ ಜೀವಕೋಶಗಳಲ್ಲ, ಅಗೆಯುವವು. ದಣಿದ ಭಾಗವನ್ನು ಅವು ಕರಗಿಸಿ ತೆಗೆದ ಮೇಲೆ ಕಟ್ಟುವವು ಬಂದು ಹೊಸದನ್ನು ತುಂಬುತ್ತವೆ. ಅಗೆತ ಕೆಲವೇ ವಾರಗಳ ಕೆಲಸ, ತುಂಬಿ ಗಟ್ಟಿಯಾಗುವುದಕ್ಕೆ ತಿಂಗಳುಗಳು ಬೇಕು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ಇಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಚೆನ್ನಾಗುವ ಮೊದಲು ಗುಂಡಿಯಾಗುತ್ತದೆ, ಗುಂಡಿಯಾದ ದಿನಗಳಲ್ಲಿ ಲಾರಿ ಬಿಡಬಾರದು. ಮೂರನೆಯ ವಾರಕ್ಕೆ ಸರಿಯಾಗಿ ನಾನು ಲಾರಿ ಬಿಟ್ಟಿದ್ದೆ.

ಆಕೆ ಕಾಲನ್ನು ಕಟ್ಟಿಹಾಕಲಿಲ್ಲ. ಓಟ ಸ್ವಲ್ಪ ದಿನ ಬೇಡ. ನೋಯದಿದ್ದರೆ ನಡೆಯಿರಿ, ಸೈಕಲ್ ತುಳಿಯಿರಿ, ಈಜಿ ಎಂದಳು. ನೋವಿದ್ದಾಗ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಡಬೇಕು. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿ ಎತ್ತಿ ಇಳಿಸಬೇಕು, ಮಂಡಿ ನೇರ ಇಟ್ಟು ಒಂದಷ್ಟು, ಮಡಿಸಿ ಒಂದಷ್ಟು. ಮಡಿಸಿದಾಗ ಮೀನಖಂಡದ ಒಳಗಿನ ಸ್ನಾಯು ಕೆಲಸಕ್ಕೆ ಬರುತ್ತದೆ, ಓಟದ ಪೆಟ್ಟು ಹೀರುವುದರಲ್ಲಿ ಅದರ ಪಾಲು ದೊಡ್ಡದು. ನಮ್ಮ ಮಹಡಿಯ ಭರತನಾಟ್ಯದ ಹುಡುಗಿಯರಿಗೂ ಗಟ್ಟಿ ನೆಲದ ಮೇಲೆ ತಟ್ಟಡವು ಹಾಕಿ ಹಾಕಿ ಇದೇ ನೋವಂತೆ. ಈಗ ಸಂಜೆ ಮೆಟ್ಟಿಲ ಮೇಲೆ ನನ್ನ ಜೊತೆ ಅವರೂ ಹಿಮ್ಮಡಿ ಎತ್ತುತ್ತಾರೆ. ತಾಳ ತಪ್ಪುವವನು ನಾನೊಬ್ಬನೇ.

"ಓಡುವ ಮುಂಚೆ ಕಾಲು ಎಳೆದು ಸ್ಟ್ರೆಚ್ ಮಾಡಿದ್ದರೆ ಹೀಗಾಗುತ್ತಿರಲಿಲ್ಲ" ಎಂದವರು ಬಹಳ. 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾ ಸೇನೆಯ ಅಧ್ಯಯನದಲ್ಲಿ 1538 ಹೊಸ ಸೈನಿಕರನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಪ್ರತಿ ತರಬೇತಿಯ ಮುಂಚೆ ಸ್ಟ್ರೆಚ್ ಮಾಡಿಸಿ ನೋಡಿದರು. ಕಾಲಿನ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವಾರಕ್ಕೆ ಹತ್ತು ಪರ್ಸೆಂಟಿಗಿಂತ ಹೆಚ್ಚಿಸಬಾರದೆಂಬ ಪ್ರಸಿದ್ಧ ಸೂತ್ರವೂ ನೆದರ್ಲೆಂಡ್ಸಿನ 532 ಹೊಸ ಓಟಗಾರರ ಮೇಲೆ ನಡೆದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಹಾಗಂತ ನಾನು ಮಾಡಿದಂತೆ ವಾರದಲ್ಲಿ ಇಮ್ಮಡಿ ಮಾಡಿ ಎಂದು ಅವರು ಯಾರೂ ಹೇಳಿಲ್ಲ.

ಸೈಕಲ್ ನನ್ನನ್ನು ತುಂಗೆಯ ದಂಡೆಗುಂಟ ತೀರ್ಥಹಳ್ಳಿ ರಸ್ತೆಗೆ ಹಾಕಿತು. ಗಾಜನೂರು ಅಣೆಕಟ್ಟು, ಅದರಾಚೆ ಸಕ್ರೆಬೈಲು. ಬಿಡಾರದ ಆನೆಗಳು ನೀರಿಗೆ ಇಳಿಯುವುದನ್ನು ನೋಡುತ್ತ ಎಷ್ಟು ಬೆಳಗು ಕಳೆದೆನೋ. ಆನೆಗೆ ನೆಗೆಯಲು ಬರುವುದಿಲ್ಲ. ಎಷ್ಟೇ ಜೋರಾಗಿ ಹೋದರೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ, ಯಾವುದಾದರೂ ಒಂದು ಊರಿಯೇ ಇರುತ್ತದೆ. ಓಟ ಎಂದರೆ ನೆಲ ಬಿಡುವುದು ಎಂದುಕೊಂಡವರು ನಾವು. ಟನ್ನುಗಟ್ಟಲೆ ಮೈ ಹೊತ್ತವರು ಆ ತೀಟೆಗೆ ಹೋಗಿಲ್ಲ.

ಆರನೆಯ ವಾರ ಮತ್ತೆ ಓಡಿದೆ. ಹೊಸ ಶೂ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಹೆಜ್ಜೆ ಗಿಡ್ಡ ಮಾಡಿ ಬೇಗ ಬೇಗ ಇಟ್ಟೆ, ಹಾಗೆ ಓಡಿದರೆ ಪ್ರತಿ ಹೆಜ್ಜೆಯ ಪೆಟ್ಟು ಕಮ್ಮಿ. ಜಾಗ ನೆಹರೂ ಕ್ರೀಡಾಂಗಣಕ್ಕೆ ಬದಲಾಯಿತು. ಅಲ್ಲಿ ಹಾಲಿನವನಿಲ್ಲ. ಪೊಲೀಸ್, ಮಿಲಿಟರಿ ಭರ್ತಿಗೆ ತಯಾರಾಗುವ ಹುಡುಗರಿದ್ದಾರೆ. ಕಾನ್‌ಸ್ಟೇಬಲ್ ಆಗುವವನು ಸಾವಿರದಾರುನೂರು ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನನ್ನ ಒಂದು ಸುತ್ತಿಗೆ ಅವರದು ಎರಡು.

ಅವರಲ್ಲಿ ಒಬ್ಬ ಎರಡೂ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡು ಓಡುತ್ತಿದ್ದ. ಸುತ್ತು ಮುಗಿಸಿ ನನ್ನ ಪಕ್ಕದಲ್ಲೇ ಕೂತ. ಮುಖ ನೋಡಿದರೆ ಹಲ್ಲು ಕಚ್ಚಿಕೊಂಡೇ ಓಡಿದ್ದಾನೆಂದು ಗೊತ್ತಾಗುತ್ತಿತ್ತು.

"ಎಷ್ಟು ದಿನದಿಂದ?"

"ಒಂದು ತಿಂಗಳಾಯ್ತು ಸಾರ್. ಓಡ್ತಾ ಓಡ್ತಾ ಹೋಗುತ್ತೆ ಅಂದ್ರು. ಫಿಸಿಕಲ್ಲಿಗೆ ಇನ್ನು ಹನ್ನೆರಡೇ ದಿನ."

"ಎಲ್ಲಿ ನೋವು, ಮುಟ್ಟಿ ತೋರಿಸು ಮಾರಾಯ."

ಅವನು ಎಡಗಾಲಿನ ಬ್ಯಾಂಡೇಜ್ ಬಿಚ್ಚಿ ಮೂಳೆಯ ಮೇಲೆ ಬೆರಳು ಜಾರಿಸುತ್ತ ಬಂದ. ಅಂಗೈ ಇಡಲಿ ಎಂದು ನಾನು ಕಾಯುತ್ತಿದ್ದೆ. ತೋರುಬೆರಳು ಒಂದು ಕಡೆ ನಿಂತಿತು. ಮುಟ್ಟಿದ್ದೇ ಚುರ್ರೆಂದು ಕಾಲು ಹಿಂದಕ್ಕೆಳೆದುಕೊಂಡ.

"ರಾತ್ರಿ?"

"ಮಲಗಿದ್ರೂ ನೋಯ್ತದೆ."

ಮೆಗ್ಗಾನ್ ಆಸ್ಪತ್ರೆಗೆ ಈಗಲೇ ಹೋಗೋಣ, ನನ್ನ ಸ್ಕೂಟರ್ ಇದೆ ಎಂದೆ. ಇನ್ನೊಂದು ಸುತ್ತು ಓಡಿ ಬರುತ್ತೇನೆ ಎಂದ. ನಾನು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಹನ್ನೆರಡು ದಿನದ ಲೆಕ್ಕ ನನ್ನದಾಗಿರಲಿಲ್ಲ. ಅವನ ಜೊತೆಯವರು ಟ್ರ್ಯಾಕಿನ ಆ ತಿರುವಿನಿಂದ ಬಂದು ನಮ್ಮ ಮುಂದೆಯೇ ಹಾದುಹೋದರು. ಅವರನ್ನು ಕಣ್ಣು ಹಾಯುವ ತನಕ ನೋಡಿ, ಅವನು ಬಗ್ಗಿ ಶೂ ಲೇಸ್ ಬಿಚ್ಚತೊಡಗಿದ.