ಬೇರೆ ಅಡಿಗೆ

ಅರುವತ್ತು ದಾಟಿದ ಗಂಡಸು ಅಡಿಗೆಯ ವಿಷಯವಾಗಿ ಲೇಖನ ಬರೆಯಹೊರಟರೆ ವಾಚಕರಲ್ಲಿ ಕೆಲವರಾದರೂ ಮುಗುಳ್ನಗುವರು. ನಗಲಿ, ಅದಕ್ಕೆ ಅವರಿಗೆ ಪೂರ್ಣ ಅಧಿಕಾರವುಂಟು. ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಅಡಿಗೆಯ ಕೋಣೆಯಲ್ಲಿ ಉಪ್ಪಿನ ಭರಣಿ ಯಾವ ಮೂಲೆಯಲ್ಲಿದೆಯೆಂಬುದನ್ನೂ ನಾನು ಅರಿತವನಲ್ಲ. ಪಾಠಶಾಲೆಯಲ್ಲಿ ಕಲಿತುದು ವ್ಯಾಕರಣ, ಕಾವ್ಯ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕಲಿಸಿದುದು ಸಂಧಿ, ಸಮಾಸ, ವಿಭಕ್ತಿ. ‘ಪಾಕ’ವೆಂಬುದು ‘ಪಚ್’ ಧಾತುವಿಗೆ ಘಞ್ ಪ್ರತ್ಯಯ ಸೇರಿ ಆದ ಶಬ್ದವೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ; ಒಂದು ಹಿಡಿ ಬೇಳೆ ಬೇಯುವುದಕ್ಕೆ ಎಷ್ಟು ನೀರು ಬೇಕೆಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ.

2019ರಲ್ಲಿ ನನ್ನ ಕನ್ನಡಕದ ಸಂಖ್ಯೆ ಆರು ತಿಂಗಳಲ್ಲಿ ಎರಡು ಸಲ ಬದಲಾಯಿತು. ಕಣ್ಣಿನ ವೈದ್ಯರು ನಕ್ಕು, “ಮೇಷ್ಟ್ರೇ, ದೋಷ ಗಾಜಿನದಲ್ಲ, ರಕ್ತ ಪರೀಕ್ಷೆ ಮಾಡಿಸಿ” ಎಂದರು. ಬರಿಯ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಮುಟ್ಟಿದರೆ ಅದನ್ನು ಮಧುಮೇಹವೆನ್ನುತ್ತಾರೆ. ನನ್ನದು 182 ಇತ್ತು. ಇದರಲ್ಲಿ ನಾನೇನೂ ಒಂಟಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ದೇಶದಲ್ಲಿ ಈ ವ್ಯಾಧಿಯುಳ್ಳವರು 10 ಕೋಟಿಗೂ ಮೇಲ್ಪಟ್ಟಿದ್ದಾರೆ. ಆದರೆ ಕೋಟಿಗಟ್ಟಲೆ ಜನಕ್ಕೆ ಬಂದ ರೋಗವೂ ಮನೆಗೆ ಬಂದಾಗ ಒಂದು ಮನೆಯ ರೋಗವೇ ಆಗುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಅಡಿಗೆ ಆರಂಭವಾಯಿತು. ಮನೆಯಲ್ಲಿದ್ದವರು ಮೂವರು: ನಾನು, ನನ್ನ ಮನೆಯವಳು, ನಮ್ಮಲ್ಲಿದ್ದು ಕಾಲೇಜಿನಲ್ಲಿ ಓದುತ್ತಿದ್ದ ನನ್ನ ತಮ್ಮನ ಮಗಳು. ಅವರಿಬ್ಬರಿಗೆ ಎಂದಿನ ಅನ್ನ, ಸಾರು, ನನಗೆ ಬೇರೆ. ಹಿತೈಷಿಗಳಾದ ಸ್ನೇಹಿತರು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಮಧುಮೇಹಿಗಳಿಗೆಂದೇ ಮಾಡಿದ ಗೋಧಿಹಿಟ್ಟು, ಪೊಟ್ಟಣದ ಸಿರಿಧಾನ್ಯ, ಓಟ್ಸು, ಸಕ್ಕರೆಯಿಲ್ಲದ ಬಿಸ್ಕತ್ತು, ಕಹಿ ಚೂರ್ಣ, ಒಂದಾದ ಮೇಲೊಂದು ಮನೆಗೆ ಬಂದುವು. ನಾನು ಲೆಕ್ಕ ಬರೆದಿಡುವವನು. 2020ರ ಒಂದು ತಿಂಗಳು ಈ ‘ಬೇರೆ’ ಎಂಬುದಕ್ಕೆ ಮಾತ್ರ 1,900 ರೂಪಾಯಿ ಬಿದ್ದಿತ್ತು. ಪಿಂಚಣಿಯಲ್ಲಿ ಬಾಳುವ ಮನೆಗೆ ಅದು ಅಲ್ಪವಲ್ಲ. ಆದರೂ ಆರೋಗ್ಯದ ಖರ್ಚೆಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಮಾಡಿಕೊಂಡವನು ನಾನು. ಆ ಹಣವನ್ನು ಬೇರೆ ಯಾವುದರಿಂದ ಕಳೆಯಬೇಕೆಂದು ಯೋಚಿಸಿದವಳು ಅವಳು. ಇದು ನನಗೆ ಆಗ ಹೊಳೆಯಲಿಲ್ಲ.

ಒಂದು ದಿನ ಮಗು ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: “ದೊಡ್ಡಪ್ಪ, ದೊಡ್ಡಮ್ಮ ಊಟ ಮಾಡೋದು ಮೂರು ಗಂಟೆಗೆ. ಉಳಿದ ಅನ್ನ ಎಲ್ಲಾ ಮಜ್ಜಿಗೆ ಹಾಕ್ಕೊಂಡು ತಿಂದುಬಿಡ್ತಾರೆ. ಪಲ್ಯ ನಿಮಗೆ ರಾತ್ರಿಗೆ ಬೇಕು ಅಂತ ಎತ್ತಿಡ್ತಾರೆ.” ಕೇಳಿದೆ, ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಕಡೆಗೆ ಉಣ್ಣುವುದು, ಉಳಿದುದನ್ನು ಉಣ್ಣುವುದು, ಸೂರ್ಯ ಮೂಡುವಷ್ಟೇ ಸಹಜವೆಂದು ತಿಳಿದು ಬೆಳೆದವನು ನಾನು.

2021ರ ಆಷಾಢದಲ್ಲಿ ಅವಳ ಹಿಮ್ಮಡಿಗೆ ಒಡೆದ ಗಾಜಿನ ಚೂರು ಚುಚ್ಚಿತು. ಸಣ್ಣ ಗಾಯ, ಹದಿನೈದು ದಿನವಾದರೂ ಮಾಯಲಿಲ್ಲ, ತಿಂಗಳಾದರೂ ಮಾಯಲಿಲ್ಲ. ವೈದ್ಯರು ಪರೀಕ್ಷೆ ಮಾಡಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆಯಲ್ಲಿ 6.5 ಆದರೆ ರೋಗವೆಂದು ಲೆಕ್ಕ, ಅವಳದು 9.4 ಇತ್ತು, ನನ್ನದಕ್ಕಿಂತಲೂ ಹೆಚ್ಚು. “ಇನ್ನೂ ತಡ ಮಾಡಿದ್ದರೆ ಪಾದದ ಮಾತು ಕಷ್ಟವಿತ್ತು” ಎಂದರು ವೈದ್ಯರು. ಬಾಯಾರಿಕೆ, ಆಯಾಸ, ರಾತ್ರಿ ನಾಲ್ಕು ಸಲ ಏಳುವುದು, ಇವೆಲ್ಲ ವರ್ಷದಿಂದ ಇದ್ದುವಂತೆ. ಮನೆಗೆ ಬಂದ ಮೇಲೆ, ಏಕೆ ಹೇಳಲಿಲ್ಲವೆಂದು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತ, ತಲೆ ಎತ್ತದೆ ಹೇಳಿದಳು: “ನಿಮಗೊಬ್ಬರಿಗೇ ಅಷ್ಟು ಖರ್ಚು ಹೋಗುತ್ತಿತ್ತು. ನನಗೂ ಇದೆ ಎಂದಾದರೆ ಎರಡರಷ್ಟು. ಗೊತ್ತಾಗದಿದ್ದರೆ ಖರ್ಚಿಲ್ಲವಲ್ಲ ಅಂದುಕೊಂಡೆ.”

ಆ ರಾತ್ರಿ ನಾನು ನಿದ್ರೆ ಮಾಡಲಿಲ್ಲ. ಸುಶ್ರುತಸಂಹಿತೆಯನ್ನು ತೆಗೆದು ಪ್ರಮೇಹಚಿಕಿತ್ಸೆಯ ಭಾಗವನ್ನು ಓದಿದೆ. ಬಡವನಾದ ರೋಗಿಯನ್ನು ಆಚಾರ್ಯನು ಮರೆತಿಲ್ಲ: ಹಣವೂ ಬಂಧುಗಳೂ ಇಲ್ಲದವನು ಕೆರವಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೊಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಲೆಂದೂ, ಧನವಂತನು ಶ್ಯಾಮಾಕ ನೀವಾರಗಳಂತಹ ಹುಲ್ಲುಧಾನ್ಯಗಳನ್ನೂ ನೆಲ್ಲಿ ಬೇಲಗಳನ್ನೂ ತಿಂದು ಕಾಡಿನಲ್ಲಿ ಜಿಂಕೆಗಳೊಡನೆ ವಾಸಿಸಲೆಂದೂ ವಿಧಿಸುತ್ತಾನೆ. ಧನವಂತನಿಗೆ ಬಡವರ ಧಾನ್ಯವೇ ಔಷಧವೆಂದು ಹೇಳಿದ ಆ ಮಾತಿನ ಸ್ವಾರಸ್ಯ ನನಗೆ ಅಂದು ತಿಳಿಯಿತು. ಈಗ ಆ ಹುಲ್ಲುಧಾನ್ಯವೇ ಬಣ್ಣದ ಪೊಟ್ಟಣದಲ್ಲಿ ಕುಳಿತು ಬಡವನ ಕೈಗೆ ಎಟುಕದಂತಾಗಿದೆ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ವೈದ್ಯ, ಔಷಧ, ಪರಿಚಾರಕ, ರೋಗಿ. ನಮ್ಮ ಮನೆಯಲ್ಲಿ ಒಂದು ಪಾದವು ಇನ್ನೊಂದನ್ನು ಎತ್ತಿಹಿಡಿಯಲು ಹೋಗಿ ತಾನೇ ಮುರಿದಿತ್ತು. ಬೆಳಗಾಗುವುದರೊಳಗೆ ಒಂದು ನಿಶ್ಚಯ ಮಾಡಿದೆ: ಇನ್ನು ಈ ಮನೆಯಲ್ಲಿ ಬೇರೆ ಅಡಿಗೆ ಇರಕೂಡದು. ಎಲ್ಲರಿಗೂ ಒಂದೇ ಅಡಿಗೆ. ಅದು ರೋಗಿಗೆ ಹಿತವಾದ ಅಡಿಗೆಯೇ ಆಗಬೇಕು.

ನಿಶ್ಚಯವೇನೋ ಆಯಿತು, ಅಡಿಗೆ ಬರಬೇಡವೆ? ಅವಳ ಕಾಲು ನೆಲಕ್ಕೆ ಊರುವಂತಿರಲಿಲ್ಲ. ಅವಳು ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಹೇಳುವಳು, ನಾನು ಒಳಗೆ ಮಾಡುವೆನು. ಗುರುಶಿಷ್ಯಭಾವವು ಹೀಗೆ ತಲೆಕೆಳಗಾದುದನ್ನು ಕಂಡು ಮಗು ಬಹಳ ಸಂತೋಷಪಟ್ಟಳು. ಎರಡನೆಯ ಗುರುವು ನಮಗೆ ಹಾಲು ತಂದುಕೊಡುವ ಹೆಣ್ಣುಮಗಳು. ನಮ್ಮ ಅವಸ್ಥೆಯನ್ನು ನೋಡಿ ಆಕೆ, “ಬಸ್ಸಾರು ಮಾಡ್ಕೊಳ್ಳಿ ಅಮ್ಮಾವ್ರೇ. ಕಟ್ಟು ಸಾರಾಯ್ತದೆ, ಕಾಳು ಪಲ್ಯ ಆಯ್ತದೆ. ಒಂದು ಸಲ ಬೇಯ್ಸಿದ್ರೆ ಎರಡು ಅಡ್ಗೆ” ಎಂದಳು. ಹುರುಳಿಯನ್ನು ದನಕ್ಕೂ ಕುದುರೆಗೂ ಮೀಸಲೆಂದು ನಂಬಿದ್ದ ಮನೆತನ ನಮ್ಮದು. ಬೆಳ್ಳುಳ್ಳಿಯಂತೂ ಹೊಸಿಲು ದಾಟಿರಲಿಲ್ಲ. ಎರಡೂ ಒಂದೇ ದಿನ ಒಳಕ್ಕೆ ಬಂದುವು.

ಬಸ್ಸಾರಿನ ಕ್ರಮ ಸುಲಭ. ಅರ್ಧ ಪಾವು ಹುರುಳಿಯನ್ನು ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆ. ಅದನ್ನು ಮೆತ್ತಗೆ ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪನ್ನೋ ನುಗ್ಗೆಯ ಸೊಪ್ಪನ್ನೋ ಹಾಕಿ ಇನ್ನಷ್ಟು ಬೇಯಿಸಿ, ನೀರನ್ನು ಬಸಿಯಬೇಕು. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ತೆಗೆದು ಮೆಣಸು, ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಸ್ವಲ್ಪ ಹುಣಿಸೆ, ಸ್ವಲ್ಪ ತೆಂಗಿನ ತುರಿಯೊಡನೆ ರುಬ್ಬಿ, ಬಸಿದ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿ, ಎರಡು ವ್ಯಂಜನ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಬೇಳೆಕಾಳುಗಳಲ್ಲಿ ಅಗ್ಗವಾದವುಗಳಲ್ಲಿ ಅದೂ ಒಂದು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ರಾಗಿ ತಿಂದರೆ ಸಕ್ಕರೆ ಏರದೆಂದು ಯಾರೋ ಹೇಳಿದುದನ್ನು ನಂಬಿ, ಎರಡು ದೊಡ್ಡ ಮುದ್ದೆಗಳನ್ನು ನಿಶ್ಚಿಂತೆಯಿಂದ ನುಂಗಿದೆ. ಎರಡು ಗಂಟೆಯ ಬಳಿಕ ಮಗು ಬೆರಳು ಚುಚ್ಚಿ ನೋಡಿದರೆ 240! ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ಅವಳೇ ತೆಗೆದು ತೋರಿಸಿದಳು. ನೂರು ಗ್ರಾಂ ಬಿಳಿಯ ಅಕ್ಕಿಯಲ್ಲಿ ಪಿಷ್ಟಾದಿಗಳು ಸುಮಾರು 78 ಗ್ರಾಂ ಇದ್ದರೆ ರಾಗಿಯಲ್ಲಿ ಸುಮಾರು 67. ನಾರು ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ, ರಾಗಿಯಲ್ಲಿ ಸುಮಾರು 11. ಎಂದರೆ ರಾಗಿ ಮೇಲು, ನಿಜ. ಆದರೆ ಅದು ಮಂತ್ರವಲ್ಲ. ಮುದ್ದೆ ಒಂದಾಗಿರಬೇಕು, ಸಣ್ಣದಾಗಿರಬೇಕು, ಜೊತೆಗೆ ಸೊಪ್ಪು ಕಾಳು ಧಾರಾಳವಾಗಿರಬೇಕು. ನುಣ್ಣನೆಯ ಹಿಟ್ಟನ್ನು ಗಂಜಿಮಾಡಿ ಕುಡಿದರೆ ಸಕ್ಕರೆ ಇನ್ನೂ ಬೇಗ ಏರುತ್ತದೆ. ಬೆಲ್ಲವೂ ಜೇನೂ ಸಕ್ಕರೆಯ ದಾಯಾದಿಗಳೇ ಹೊರತು ಶತ್ರುಗಳಲ್ಲ.

ಕಡೆಗೆ ನಮಗೆ ನಿಂತ ನಿಯಮ ಇಷ್ಟೇ: ತಟ್ಟೆಯ ಅರ್ಧದಷ್ಟು ಪಲ್ಯ, ಸೊಪ್ಪು, ಕೋಸಂಬರಿ, ಕಾಲು ಭಾಗ ಕಾಳು ಬೇಳೆ, ಉಳಿದ ಕಾಲು ಭಾಗ ಮಾತ್ರ ಅನ್ನವೋ ಮುದ್ದೆಯೋ ಚಪಾತಿಯೋ. ಮೊದಲು ಪಲ್ಯ ಕಾಳು, ಆಮೇಲೆ ಅನ್ನ. ಹಣ್ಣು ಬೇಕೆನಿಸಿದರೆ ಒಂದು ಸೀಬೆ. ಹಣ್ಣಿನ ರಸ ಬೇಡ. ಮೂವರಿಗೆ ಹೊತ್ತಿಗೆ ಒಂದೂವರೆ ಪಾವು ಅಕ್ಕಿ ಇಡುತ್ತಿದ್ದ ಮನೆಯಲ್ಲಿ ಈಗ ಮುಕ್ಕಾಲು ಪಾವು ಸಾಕು. ಎಣ್ಣೆ ಅರ್ಧಕ್ಕಿಳಿಯಿತು. ಸೊಪ್ಪನ್ನು ಸಂತೆಯ ದಿನ ಸಂಜೆ ತರುತ್ತೇನೆ. ಹೊತ್ತಿಳಿದ ಮೇಲೆ ಕಂತೆಯ ಬೆಲೆಯೂ ಇಳಿಯುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕ ನೋಡಿದೆ. ಸೊಪ್ಪು ಕಾಳುಗಳಿಗೆ ಹಿಂದಿಗಿಂತ ನಾನೂರು ರೂಪಾಯಿ ಹೆಚ್ಚಾಗಿತ್ತು. 1,900 ರೂಪಾಯಿಗಳ ಆ ಬಾಬ್ತು ಪುಸ್ತಕದಿಂದಲೇ ಹೋಗಿತ್ತು.

ಊಟವೊಂದರಿಂದಲೇ ಎಲ್ಲವೂ ಆಯಿತೆಂದು ಹೇಳಿದರೆ ಅಸತ್ಯವಾದೀತು. ಇಬ್ಬರೂ ಗುಳಿಗೆ ತೆಗೆದುಕೊಳ್ಳುತ್ತೇವೆ, ದಿನವೂ ಮುಕ್ಕಾಲು ಗಂಟೆ ನಡೆಯುತ್ತೇವೆ. ಹಾಗಲಕಾಯಿಯ ಗೊಜ್ಜು ಒಳ್ಳೆಯ ಊಟವೇ ಹೊರತು ಗುಳಿಗೆಗೆ ಬದಲಲ್ಲ. ಕೆಲವು ಗುಳಿಗೆಗಳನ್ನು ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಇಳಿದು ಬೆವರು, ನಡುಕ ಬರುವುದುಂಟು. ಆಗ ಸಕ್ಕರೆಯೇ ಔಷಧ. ಮೂತ್ರಪಿಂಡದ ತೊಂದರೆಯುಳ್ಳವರು ಕಾಳು ಸೊಪ್ಪಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು. ಒಂದು ವರ್ಷ ಕಳೆಯುವುದರೊಳಗೆ ಅವಳ 9.4 ಎಂಬುದು 7ಕ್ಕೆ ಬಂದಿತು. ಗಾಯ ಮಾಯ್ದು, ಕಲೆ ಉಳಿದಿದೆ.

ಸಂಸ್ಕೃತದಲ್ಲಿ ‘ಪಚ್’ ಧಾತು ಉಭಯಪದಿ. ಪರರಿಗಾಗಿ ಬೇಯಿಸಿದರೆ ‘ಪಚತಿ’, ತನಗಾಗಿ ಬೇಯಿಸಿಕೊಂಡರೆ ‘ಪಚತೇ’. ಮೂವತ್ತೆರಡು ವರ್ಷ ಈ ಭೇದವನ್ನು ಕರಿಯ ಹಲಗೆಯ ಮೇಲೆ ಬರೆದು ಮಕ್ಕಳಿಗೆ ಕಲಿಸಿದವನು, ನಮ್ಮ ಮನೆಯಲ್ಲಿ ಒಬ್ಬಳು ನಾಲ್ವತ್ತು ವರ್ಷ ಬರಿಯ ‘ಪಚತಿ’ಯಾಗಿಯೇ ಉಳಿದಳೆಂಬುದನ್ನು ಕಾಣಲಿಲ್ಲ. ಈಗ ಸಂಜೆ ನಾನು ಸೊಪ್ಪು ಹೆಚ್ಚುತ್ತೇನೆ, ಅವಳು ಒಗ್ಗರಣೆ ಹಾಕುತ್ತಾಳೆ. ಎಂಟು ಗಂಟೆಗೆ ತಟ್ಟೆಗಳನ್ನು ಒಟ್ಟಿಗೆ ಹಾಕುತ್ತೇವೆ. ಉಳಿದುದನ್ನು ತಿನ್ನುವ ಕೆಲಸ ಯಾರಿಗೂ ಇಲ್ಲ.

ವಾಚಕರಲ್ಲಿ ನನ್ನ ವಿಜ್ಞಾಪನೆ ಒಂದೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ವ್ಯಾಧಿ ಕಂಡುಬಂದರೆ, ಅಂಗಡಿಯ ಪೊಟ್ಟಣಕ್ಕೆ ಕೈ ನೀಡುವ ಮೊದಲು, ಅಡಿಗೆ ಮಾಡುವವರ ರಕ್ತವನ್ನೂ ಒಂದು ಸಲ ಪರೀಕ್ಷೆ ಮಾಡಿಸಿರಿ. ಅನಂತರ ಮಧ್ಯಾಹ್ನ ಮೂರು ಗಂಟೆಗೆ ಅಡಿಗೆಯ ಕೋಣೆಗೆ ಹೋಗಿ, ಅಲ್ಲಿ ಯಾರು ಏನು ಉಣ್ಣುತ್ತಿದ್ದಾರೆಂದು ನೋಡಿರಿ.