ಪುಕ್ಕಟೆ ಸೌದೆ

ಬಯಲುಸೀಮೆಯ ನಮ್ಮ ಕೇರಿಗಳ ಒಲೆ ಉರಿಯುವುದು ಬಳ್ಳಾರಿ ಜಾಲಿಯಿಂದ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯ ಸಿಲಿಂಡರ್ ಬಂತು. ಖಾಲಿಯಾದದ್ದು ಮೂಲೆ ಸೇರಿತು. ತುಂಬಿಸಲು ಕಾಸಿರಬೇಕಲ್ಲ?

ಅಮೆರಿಕ ಖಂಡದಿಂದ ಬಂದ ಈ ಮುಳ್ಳುಮರ ಬೀಳುಹೊಲಗಳನ್ನು ನುಂಗಿದೆ. ಹೊಲದೊಡೆಯ ಕೂಗುತ್ತಾನೆ: "ಜಾಲಿ ಕಡ್ಕೊಂಡು ಹೋಗ್ರಲೇ, ದುಡ್ಡು ಬ್ಯಾಡ. ಬೊಡ್ಡೆ ಬಿಟ್ಟೀರಿ ಜ್ವಾಕೆ."

ಬೊಡ್ಡೆ ಯಾಕೆ? ನೆಲದೊಳಗೆ ಉಳಿದರೆ ಮತ್ತೆ ಚಿಗುರುತ್ತದೆ. ಅವನಿಗೂ ಗೊತ್ತು, ನಮಗೂ ಗೊತ್ತು. ಗುದ್ದಲಿ, ಹಾರೆ ಹಿಡಿದು ಬೇರು ಸಮೇತ ಕೀಳುವವರು ನಾವು. ಹಸಿ ಇರುವಾಗಲೇ ಬಿರುಕು ನೋಡಿ ಬೆಣೆ ಹೊಡೆಯಬೇಕು. ಒಣಗಿದರೆ ಕೊಡಲಿ ಹಿಂದಕ್ಕೆ ಚಿಮ್ಮುತ್ತದೆ. ಅವ್ವಂದಿರ ಅಂಗಾಲಲ್ಲಿ ಮುರಿದ ಮುಳ್ಳು ಕೀವು ಕಟ್ಟುತ್ತದೆ. ಸೌದೆ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಸುಳ್ಳಲ್ಲ. ಆದರೆ ನಾವು ಹೊರೆ ಹೊತ್ತು ಬಂದ ಮೇಲೆ ಅಲ್ಲಿ ಉಳಿಯುವುದು ಹಸನಾದ ಹೊಲ. ಅದರ ಕೂಲಿ ಎಲ್ಲಿ?

ಕಾಲೇಜು ಮೆಟ್ಟಿಲು ಹತ್ತಿದ ನಾವು ಓದಿದ್ದೇವೆ: ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಗೆಳೆಯರೇ, ಪುಕ್ಕಟೆ ಎಂಬ ಮಾತಿನೊಳಗೆ ಬಿಟ್ಟಿ ಅಡಗಿ ಕೂತಿದೆ. ಹೊಲ ಹಸನು ಮಾಡಿದ್ದಕ್ಕೆ ಮೊದಲು ಕೂಲಿ ಇಡ್ರಿ, ಸೌದೆ ಮಾತು ಆಮ್ಯಾಲೆ ಎನ್ನೋಣ.