ಮಗುವಿಗೊಂದು ಹಲ್ಲಿನ ಲೆಕ್ಕ

ಬಸಿರು, ಬಾಣಂತನದ ಬಗ್ಗೆ ನಮ್ಮಲ್ಲಿ ಹಲವು ನಂಬಿಕೆಗಳಿವೆ. ಹೊಟ್ಟೆಯಲ್ಲಿರುವ ಮಗು ತನ್ನ ಮೂಳೆಗೆ ಬೇಕಾದ ಸುಣ್ಣವನ್ನು ತಾಯಿಯ ಹಲ್ಲಿನಿಂದ ಎಳೆದುಕೊಳ್ಳುತ್ತದೆ ಎಂಬುದು ಅವುಗಳಲ್ಲೊಂದು. ಹಾಗಾಗಿ ಹೆತ್ತವಳ ಹಲ್ಲು ಅಲುಗಾಡುವುದು, ಬೀಳುವುದು ಸಹಜವೆಂದು ಮನೆಯವರು ಸುಮ್ಮನಿರುತ್ತಾರೆ. ಆಕೆಯೂ ಸುಮ್ಮನಿರುತ್ತಾಳೆ.

ನನ್ನ ತಾಯಿ ಐವರನ್ನು ಹೆತ್ತವರು. ನನಗೆ ತಿಳಿವಳಿಕೆ ಬರುವ ಹೊತ್ತಿಗಾಗಲೇ ಅವರು ಚಕ್ಕುಲಿಯನ್ನು ಕುಟ್ಟಿ ಪುಡಿ ಮಾಡಿಕೊಂಡು ತಿನ್ನುತ್ತಿದ್ದರು. ಕೇಳಿದರೆ, "ನಿಮಗೆಲ್ಲ ಒಂದೊಂದು ಹಲ್ಲು ಕೊಟ್ಟಿದ್ದೀನಪ್ಪ" ಎಂದು ನಗುತ್ತಿದ್ದರು. ಆ ನಗೆಯಲ್ಲಿ ದೂರೇನೂ ಇರಲಿಲ್ಲ. ಆದರೆ ವಿಜ್ಞಾನದ ಪ್ರಕಾರ ಆ ಲೆಕ್ಕ ಸರಿಯಲ್ಲ.

ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ಸೇರುತ್ತದೆ. ಇದಕ್ಕಾಗಿಯೇ ಗರ್ಭಿಣಿಯ ಕರುಳು ಆಹಾರದಿಂದ ಎಂದಿಗಿಂತ ಹೆಚ್ಚು ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಊಟದಲ್ಲಿ ಕೊರತೆಯಾದರೆ ತಾಯಿಯ ಮೂಳೆ ಕೊಡುತ್ತದೆಯೇ ಹೊರತು ಹಲ್ಲಲ್ಲ. ಮೂಳೆ ಉಳಿತಾಯ ಖಾತೆ ಇದ್ದಂತೆ, ಹಾಕಲೂಬಹುದು, ತೆಗೆಯಲೂಬಹುದು. ಹಲ್ಲಿನ ಮೇಲ್ಪದರವಾದ ಎನಾಮೆಲ್‌ನಲ್ಲಿ ರಕ್ತನಾಳವಿಲ್ಲ, ಜೀವಕೋಶವಿಲ್ಲ. ಅಲ್ಲಿಂದ ಒಳಗಿನ ಮಗುವಿಗೆ ದಾರಿಯೇ ಇಲ್ಲ.

ಹಾಗಾದರೆ ಹಲ್ಲು ಹಾಳಾಗುವುದೇಕೆ? ಮೊದಲ ಕಾರಣ ವಸಡು. ಬಸಿರಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಏರುತ್ತವೆ. ಆಗ ಹಲ್ಲಿನ ಬುಡದಲ್ಲಿ ಕಟ್ಟುವ ಬ್ಯಾಕ್ಟೀರಿಯಾದ ಅಂಟು ಪದರಕ್ಕೆ ವಸಡು ಬೇಗ ಕೆರಳುತ್ತದೆ. ಊದಿ, ಕೆಂಪಾಗಿ, ಮುಟ್ಟಿದರೆ ರಕ್ತ ಬರುತ್ತದೆ. ಹೆಚ್ಚಾಗಿ ಎರಡನೇ ತಿಂಗಳ ಸುಮಾರಿಗೆ ಶುರುವಾಗಿ ಎಂಟನೇ ತಿಂಗಳಲ್ಲಿ ಜೋರಾಗುತ್ತದೆ. ಕೆಲವರಿಗೆ ಹಲ್ಲುಗಳ ನಡುವೆ ಕೆಂಪು ಗಂಟು ಏಳುವುದುಂಟು. ಅದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಹೆರಿಗೆಯ ನಂತರ ಇಳಿಯುತ್ತದೆ; ಆದರೂ ವೈದ್ಯರಿಗೆ ತೋರಿಸಬೇಕು.

ನಮ್ಮ ಅಕ್ಕನ ಮಗಳಿಗೆ ಐದನೇ ತಿಂಗಳಲ್ಲಿ ಹೀಗೇ ಆಯಿತು. ರಕ್ತ ಕಂಡು ಹೆದರಿ ಅವಳು ಬ್ರಷ್ಷನ್ನೇ ಬಿಟ್ಟಳು. "ಹೆರಿಗೆ ಆಗಲಿ, ಆಮೇಲೆ ನೋಡೋಣ" ಎಂದರು ಮನೆಯವರು. ಇಲ್ಲಿರುವುದೇ ಅಪಾಯ. ಉಜ್ಜದಿದ್ದರೆ ಪದರ ಹೆಚ್ಚುತ್ತದೆ, ಪದರ ಹೆಚ್ಚಿದರೆ ವಸಡು ಇನ್ನಷ್ಟು ಊದುತ್ತದೆ. ಹಳೆಯ ಕಾಯಿಲೆಯಿದ್ದರೆ ಹಲ್ಲು ಹಿಡಿದಿಡುವ ಮೂಳೆಯೂ ಸವೆಯುತ್ತದೆ. ದಂತವೈದ್ಯರು ಹಲ್ಲು ಶುಚಿಮಾಡಿ, ಮೆದು ಬ್ರಷ್ಷಿನಿಂದ ದಿನಕ್ಕೆರಡು ಬಾರಿ ಉಜ್ಜಲು ಹೇಳಿದ ಮೇಲೆ ಅವಳ ರಕ್ತಸ್ರಾವ ಕಡಿಮೆಯಾಯಿತು.

ಎರಡನೆಯ ಕಾರಣ ಆಮ್ಲ. ವಾಂತಿಯೊಂದಿಗೆ ಜಠರದ ಹೈಡ್ರೋಕ್ಲೋರಿಕ್ ಆಮ್ಲ ಬಾಯಿಗೆ ಬರುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಕೋಳಿಮೊಟ್ಟೆಯನ್ನು ಒಂದೆರಡು ದಿನ ವಿನೆಗರ್‌ನಲ್ಲಿ ಮುಳುಗಿಸಿಡಿ. ಚಿಪ್ಪು ಕರಗಿ ಬರೀ ಪೊರೆ ಉಳಿಯುತ್ತದೆ. ಚಿಪ್ಪು ಮತ್ತು ಎನಾಮೆಲ್ ಒಂದೇ ವಸ್ತುವಲ್ಲ, ಆದರೆ ಕ್ಯಾಲ್ಸಿಯಂ ಲವಣವನ್ನು ಆಮ್ಲ ಏನು ಮಾಡುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಬಯಕೆಯ ಹುಣಸೆಹಣ್ಣು, ಮಾವಿನಕಾಯಿ ಬೇಡವೆನ್ನಲಾರೆ. ದಿನವಿಡೀ ಬಾಯಲ್ಲಿಟ್ಟುಕೊಳ್ಳದೆ ಒಮ್ಮೆ ತಿಂದು ಬಾಯಿ ಮುಕ್ಕಳಿಸಿದರೆ ಸಾಕು. ಸಿಹಿ ತಿಂಡಿಗೂ ಇದೇ ಮಾತು.

ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು; ಮೆತ್ತಗಾದ ಎನಾಮೆಲ್ ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚೆ ಅಡುಗೆ ಸೋಡಾ ಬೆರೆಸಿ, ಮುಕ್ಕಳಿಸಿ ಉಗುಳಬೇಕು. ಅರ್ಧ ಗಂಟೆಯಾದರೂ ಕಳೆದ ಮೇಲೆ ಉಜ್ಜಬೇಕು. ಕೆಲವು ಕಡೆ ಹೆಂಗಸರು ತಂಬಾಕಿನ ಪುಡಿಯಿಂದ ಹಲ್ಲುಜ್ಜುವುದುಂಟು. ಅದು ತಾಯಿಗೂ ಕೆಡುಕು, ಮಗುವಿಗೂ ಕೆಡುಕು.

ಬಸುರಿಯನ್ನು ದಂತವೈದ್ಯರ ಬಳಿ ಕರೆದೊಯ್ಯಬಾರದೆಂಬ ಭಯ ಇನ್ನೂ ಇದೆ. ಅಗತ್ಯವಾದ ಚಿಕಿತ್ಸೆಯನ್ನು ಯಾವ ತಿಂಗಳಲ್ಲಾದರೂ ಮಾಡಬಹುದು. ನಾಲ್ಕರಿಂದ ಆರನೇ ತಿಂಗಳು ಹೆಚ್ಚು ಅನುಕೂಲ. 2006ರಲ್ಲಿ ಅಮೆರಿಕದಲ್ಲಿ 823 ಗರ್ಭಿಣಿಯರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ವಸಡಿನ ಚಿಕಿತ್ಸೆಯಿಂದ ಅವಧಿಪೂರ್ವ ಹೆರಿಗೆ ತಪ್ಪುತ್ತದೆಂದು ಅದರಲ್ಲಿ ತೋರಲಿಲ್ಲ. ಆದರೆ ಚಿಕಿತ್ಸೆ ಸುರಕ್ಷಿತ, ವಸಡಿಗೆ ಗುಣಕಾರಿ ಎಂಬುದು ತೋರಿತು. ಬಸಿರೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬಾರದು; ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿಗೆ ಮಾಯದ ಕಲೆ ತರುತ್ತದೆ.

ಕ್ಯಾಲ್ಸಿಯಂ ಕೂಡ ದೂರದ ಮಾತಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಹಾಲು, ಮೊಸರು, ಸೊಪ್ಪು ಜೊತೆಗಿರಲಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆಗಳನ್ನು ತಪ್ಪಿಸದಿರಲಿ. ಇದರಿಂದ ತಾಯಿಯ ಮೂಳೆಯೂ ಉಳಿಯುತ್ತದೆ, ಮಗುವಿನ ಹಾಲುಹಲ್ಲೂ ಗಟ್ಟಿಯಾಗುತ್ತದೆ. ಆ ಇಪ್ಪತ್ತು ಹಲ್ಲುಗಳು ಗಟ್ಟಿಯಾಗತೊಡಗುವುದು ಬಸಿರಿನ ನಾಲ್ಕನೇ ತಿಂಗಳ ಸುಮಾರಿಗೆ.

ಗರ್ಭಿಣಿಯ ತೂಕ, ರಕ್ತದೊತ್ತಡ, ಸ್ಕ್ಯಾನಿಂಗ್ ಎಲ್ಲವನ್ನೂ ಈಗ ಮನೆಯವರು ಮರೆಯದೆ ಮಾಡಿಸುತ್ತಾರೆ. ಅದೇ ಕಾಳಜಿಯಿಂದ ಒಮ್ಮೆ ಬಾಯಿಯನ್ನೂ ತೋರಿಸಲಿ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ, ವಸಡಿನಲ್ಲಿ ರಕ್ತ ಬರುತ್ತಿದೆಯೇ ಎಂದು ಕೇಳುವ ಕೆಲಸವನ್ನು ವಿದ್ಯಾರ್ಥಿಗಳೂ ಮಾಡಬಹುದು. ನಾಚಿಕೆಯಿಂದಲೋ ಸಂಕೋಚದಿಂದಲೋ ಅವರಾಗಿ ಹೇಳುವುದು ಕಡಿಮೆ.